ಆದಿತ್ಯ ಇದ್ದ ಮೇಲೂ ಬೇರೆ ದೇಶಗಳ ಹಂಗು ಯಾಕೆ?

ನಿಮ್ಮ ಪ್ರಶ್ನೆ ಹೀಗಿದೆ: "ಸೂರ್ಯನನ್ನು ನೋಡುವ ಆದಿತ್ಯ-ಎಲ್1 ನೌಕೆ ನಮ್ಮದು, ಉಪಗ್ರಹಗಳನ್ನು ನಿಯಂತ್ರಿಸುವ ಹಾಸನದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ನಮ್ಮದು, ಕೊಡೈಕನಾಲ್ ವೀಕ್ಷಣಾಲಯವೂ ನಮ್ಮದು. ಹೀಗಿರುವಾಗ ಸೂರ್ಯನ ಅಧ್ಯಯನದಲ್ಲಿ ಬೇರೆ ದೇಶಗಳ ಜೊತೆ ಡೇಟಾ ಯಾಕೆ ಹಂಚಿಕೊಳ್ಳಬೇಕು? ನಮ್ಮ ಕಡೆಯವರಿಗೆ ಅದರಿಂದ ಏನು ಪ್ರಯೋಜನ?" ಅರಸೀಕೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೀರಿ ಅಂತಲೂ ಬರೆದಿದ್ದೀರಿ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ವಿಜ್ಞಾನಿಯಲ್ಲ. ಹಾಸನದಲ್ಲಿ ಲೈಸೆನ್ಸ್ ಸರ್ವೆಯರ್. ಪೋಡಿ, ಹದ್ದುಬಸ್ತು, 11ಇ ನಕ್ಷೆ, ಆಗೀಗ ರಸ್ತೆ ಕೆಲಸ. ಕೈಗೆ ಚೈನಿನ ಬದಲು ಉಪಗ್ರಹದ ಸಿಗ್ನಲ್ ಹಿಡಿಯುವ ರೋವರ್ ಬಂದ ಮೇಲೆ ಸೂರ್ಯನ ಸುದ್ದಿ ಓದುವ ಚಟ ಹತ್ತಿತು. ಉಪಗ್ರಹದಿಂದ ರೋವರಿಗೆ ಬರುವ ಸಿಗ್ನಲ್ ದಾರಿಯಲ್ಲಿ ಅಯಾನುಗೋಳ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳು ತುಂಬಿದ ಪದರ) ದಾಟಿ ಬರಬೇಕು, ಆ ಅಯಾನುಗೋಳದ ಯಜಮಾನ ಸೂರ್ಯ.

ಚಿಕ್ಕ ಉತ್ತರ ಇಷ್ಟೇ. ಹಂಚಿಕೊಳ್ಳದಿದ್ದರೆ ಅಳತೆಯೇ ಆಗುವುದಿಲ್ಲ. ಸ್ನೇಹ, ಔದಾರ್ಯ ಎಲ್ಲ ಆಮೇಲಿನ ಮಾತು. ಒಂದು ಬಾಂದು ಕಲ್ಲು ಇಟ್ಟುಕೊಂಡು ಇಡೀ ಸರ್ವೆ ನಂಬರಿಗೆ ಹದ್ದುಬಸ್ತು ಮಾಡಿಕೊಡಿ ಎಂದರೆ ಯಾವ ಸರ್ವೆಯರ್ ತಾನೇ ಒಪ್ಪುತ್ತಾನೆ?

2024ರ ಮೇ ತಿಂಗಳ ಸೌರ ಬಿರುಗಾಳಿಯನ್ನೇ ತೆಗೆದುಕೊಳ್ಳಿ. ಮೇ 10, ಅಕ್ಷಯ ತೃತೀಯದ ದಿನ. ಸೂರ್ಯನ ಮೇಲೆ 13664 ಎಂದು ಗುರುತು ಹಾಕಿದ್ದ ದೊಡ್ಡ ಕಲೆಗಳ ಗುಂಪೊಂದು ಹಿಂದಿನ ದಿನಗಳಲ್ಲಿ ಒಂದರ ಹಿಂದೆ ಒಂದು ಪ್ಲಾಸ್ಮಾದ (ವಿದ್ಯುತ್ ಕಣಗಳಿಂದಾದ ಬಿಸಿ ಅನಿಲದ) ಮೋಡಗಳನ್ನು ಭೂಮಿಯ ಕಡೆ ಉಗುಳಿತ್ತು. ಅವು ಬಂದು ಬಡಿದಾಗ ನಮ್ಮಲ್ಲಿ ರಾತ್ರಿ ಹತ್ತೂವರೆ ದಾಟಿತ್ತು. ಬಲವಾದ ಹೊಡೆತ ಬಿದ್ದದ್ದು 11ರ ಬೆಳಗಿನ ಹೊತ್ತು. 2003ರ ನಂತರ ಅಷ್ಟು ದೊಡ್ಡ ಭೂಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಏರುಪೇರು, ಬಂದಿರಲಿಲ್ಲ. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊ ನೀವೂ ನೋಡಿರುತ್ತೀರಿ.

ಆದರೆ ಹಾಸನದಲ್ಲಿ? ಏನೂ ಇಲ್ಲ. ಮೊಬೈಲು, ಕರೆಂಟು, ಟಿವಿ ಎಲ್ಲ ಎಂದಿನಂತೆ. ಇಸ್ರೊ ಆಮೇಲೆ ಕೊಟ್ಟ ವಿವರಣೆಯಲ್ಲಿ ಕಾರಣವೂ ಇತ್ತು. ಹೊಡೆತ ಬಿದ್ದಾಗ ಭಾರತದ ಮೇಲಿನ ಅಯಾನುಗೋಳ ಇನ್ನೂ ಪೂರ್ತಿ ಬೆಳೆದಿರಲಿಲ್ಲ. ರಾತ್ರಿ ಅದು ಸೊರಗುತ್ತದೆ, ಬಿಸಿಲೇರಿದ ಹಾಗೆ ಬಲಿಯುತ್ತದೆ. ಅದೇ ಹೊತ್ತಿಗೆ ಪೆಸಿಫಿಕ್ ಮತ್ತು ಅಮೆರಿಕದ ಮೇಲಿನ ಅಯಾನುಗೋಳ ಅಲ್ಲೋಲಕಲ್ಲೋಲವಾಗಿತ್ತು. ಅಮೆರಿಕದ ಜೋಳದ ಸೀಮೆಯಲ್ಲಿ ಬಿತ್ತನೆಯ ಕಾಲ. ಅಲ್ಲಿನ ಟ್ರ್ಯಾಕ್ಟರ್‌ಗಳು ನಮ್ಮ ರೋವರಿನ ತರಹದ್ದೇ ತಂತ್ರದಿಂದ ಸಾಲು ಹಿಡಿದು ಹೋಗುತ್ತವೆ. ಸಿಗ್ನಲ್ ಕೈಕೊಟ್ಟು ಎಷ್ಟೋ ರೈತರು ಬಿತ್ತನೆ ನಿಲ್ಲಿಸಿ ಕೂತರು.

ಈಗ ಯೋಚಿಸಿ. ನಮ್ಮ ಬಳಿ ನಮ್ಮ ದೇಶದ ದಾಖಲೆ ಮಾತ್ರ ಇದ್ದಿದ್ದರೆ, "2024ರ ಬಿರುಗಾಳಿ ಸಾಧಾರಣದ್ದು, ಹೆದರಬೇಕಾಗಿಲ್ಲ" ಎಂದು ಬರೆದಿಟ್ಟುಕೊಳ್ಳುತ್ತಿದ್ದೆವು. ಮುಂದಿನದು ನಮ್ಮ ಮಧ್ಯಾಹ್ನಕ್ಕೆ ಬಂದು ಬಿದ್ದರೆ ಆ ಬರಹಕ್ಕೆ ಏನು ಬೆಲೆ? ಮೇಲೆ ಹಾರುತ್ತಿದ್ದ ಉಪಗ್ರಹಗಳಿಗೆ ಮಾತ್ರ ಅಂದೇ ಬಿಸಿ ತಟ್ಟಿತ್ತು. ವಾತಾವರಣದ ಮೇಲ್ಪದರ ಕಾಯ್ದು ಉಬ್ಬಿ ಘರ್ಷಣೆ ಹೆಚ್ಚಾಗಿ, ದಿನಕ್ಕೆ ಸುಮಾರು 300 ಮೀಟರ್ ಇಳಿಯುತ್ತಿದ್ದ ಇಸ್ರೊದ ಇಒಎಸ್-07 ಅಂದು 600 ಮೀಟರ್ ಇಳಿಯಿತು.

ಬಿರುಗಾಳಿ ಎಷ್ಟು ದೊಡ್ಡದು ಎಂದು ಹೇಳುವ ಅಂಕಿಗಳಲ್ಲಿ ಒಂದರ ಹೆಸರು ಡಿಎಸ್‌ಟಿ. ಭೂಮಿಯ ಕಾಂತಬಲ ಎಷ್ಟು ಕುಸಿಯಿತು ಎಂದು ಅದು ತೋರಿಸುತ್ತದೆ. ಇದನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯ ಲೆಕ್ಕ ಹಾಕುತ್ತದೆ. ನಾಲ್ಕು ಕೇಂದ್ರಗಳ ಅಳತೆ ಬೇಕು: ಜಪಾನಿನ ಕಾಕಿಯೋಕಾ, ದಕ್ಷಿಣ ಆಫ್ರಿಕದ ಹರ್ಮಾನಸ್, ಹವಾಯಿಯ ಹೊನೊಲುಲು, ಪೋರ್ಟೊ ರಿಕೊದ ಸಾನ್ ಹ್ವಾನ್. ಭೂಮಿಯ ಸುತ್ತ ಹರಡಿದ ನಾಲ್ಕು ಜಾಗ. ಬಿರುಗಾಳಿಯಲ್ಲಿ ಭೂಮಿಯ ಸುತ್ತ ಆಕಾಶದಲ್ಲಿ ಉಂಗುರದ ಹಾಗೆ ಕರೆಂಟು ಹರಿಯುತ್ತದೆ. ಅದು ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಸುತ್ತಲೂ ಅಳೆದು ಸರಾಸರಿ ತೆಗೆದರೆ ಮಾತ್ರ ಉಂಗುರದ ಬಲ ತಿಳಿಯುತ್ತದೆ. ಒಂದು ದೇಶ ಎಷ್ಟೇ ಶ್ರೀಮಂತವಾಗಿದ್ದರೂ ತನ್ನ ಗಡಿಯೊಳಗೆ ಭೂಗೋಳದ ನಾಲ್ಕು ದಿಕ್ಕನ್ನು ತಂದುಕೊಳ್ಳಲಾರದು.

ಒಂದೇ ಕಡೆಯ ಅಳತೆಯಿಂದ ಆಗುವ ಫಜೀತಿಗೆ ನಮ್ಮ ದೇಶದ್ದೇ ಉದಾಹರಣೆ ಇದೆ. ನನಗೆ ತುಂಬ ಇಷ್ಟದ ಕಥೆ ಇದು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಕಣ್ಣು ಕೋರೈಸುವ ಎರಡು ಬೆಳಕಿನ ತುಣುಕುಗಳನ್ನು ಕಂಡ. ಹದಿನೇಳೂವರೆ ಗಂಟೆಯ ಮೇಲೆ ಭೂಮಿಗೆ ಬಿರುಗಾಳಿ ಬಡಿಯಿತು. ಯೂರೋಪಿನ ಕೆಲವು ಕೇಂದ್ರಗಳಲ್ಲಿ ದಾಖಲೆಯ ಗೆರೆ ಕಾಗದ ದಾಟಿ ಆಚೆ ಹೋಯಿತು, ಎಷ್ಟು ಹೋಯಿತೆಂದು ತಿಳಿಯಲಿಲ್ಲ. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಮಾತ್ರ ಅಳತೆಯನ್ನು ಮನುಷ್ಯರು ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆಯುತ್ತಿದ್ದರು. ಏರುಪೇರು ಕಂಡಾಗ ಬೇಗಬೇಗ ಬರೆದುಕೊಂಡರು. ಕಾಂತಬಲದಲ್ಲಿ ಸುಮಾರು 1600 ನ್ಯಾನೊಟೆಸ್ಲಾ (ಕಾಂತಬಲದ ಮಾನ) ಕುಸಿತ! 2024ರ ಬಿರುಗಾಳಿಯ ಡಿಎಸ್‌ಟಿ 400ರ ಆಸುಪಾಸು ಅಷ್ಟೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು "ನಾಲ್ಕು ಪಟ್ಟು" ಎಂದು ಹೇಳುವ ಹಾಗಿಲ್ಲ. ಕೊಲಾಬಾದ್ದು ಒಂದೇ ಜಾಗದ, ಅದೂ ಹಗಲಿನ ಅಳತೆ. ಆ ಕುಸಿತ ಭೂಮಿಗೆಲ್ಲ ಆದದ್ದೋ, ಮುಂಬೈನ ನೆತ್ತಿಯ ಮೇಲೆ ಹಾದುಹೋದ ಯಾವುದೋ ಕರೆಂಟಿನದೋ ಎಂಬ ಚರ್ಚೆ ನೂರೈವತ್ತು ವರ್ಷ ದಾಟಿದ ಮೇಲೂ ಮುಗಿದಿಲ್ಲ. ಆವತ್ತು ಇನ್ನು ಮೂರು ಕಡೆ ಅಷ್ಟೇ ಶ್ರದ್ಧೆಯ ಗುಮಾಸ್ತರು ಇದ್ದಿದ್ದರೆ ಚರ್ಚೆಗೆ ಜಾಗವೇ ಇರುತ್ತಿರಲಿಲ್ಲ. (ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆ, ಅದರ ಕರೆಂಟು ಕಾಂತಮಾಪಕವನ್ನು ಕೆಡಿಸುತ್ತದೆ ಎಂದು 1904ರಲ್ಲಿ ಈ ಕೆಲಸಕ್ಕೆ ಅಲಿಬಾಗ್‌ನಲ್ಲಿ ಹೊಸ ಜಾಗ ಮಾಡಿದರು. ಇಂದಿಗೂ ಅಲ್ಲೇ ನಡೆಯುತ್ತಿದೆ.)

ಸೂರ್ಯನನ್ನು ನೇರವಾಗಿ ನೋಡುವ ಕೆಲಸಕ್ಕೂ ಇದೇ ತೊಡಕು. ಸೂರ್ಯನ ಮೈ ಸದಾ ಅದುರುತ್ತಿರುತ್ತದೆ. ಆ ಅದುರಾಟದಿಂದ ಒಳಗಿನ ಸಂಗತಿ ಊಹಿಸಬೇಕಾದರೆ ಕಣ್ಣು ಮಿಟುಕಿಸದೆ ನೋಡಬೇಕು. ನಮ್ಮಲ್ಲಿ ಸಂಜೆ ಆರೂವರೆಗೆ ಅಂಗಡಿ ಬಂದ್. ಅದಕ್ಕೇ 1995ರಿಂದ 'ಗಾಂಗ್' ಎಂಬ ಜಾಲ ಇದೆ. ಉದಯಪುರ, ಆಸ್ಟ್ರೇಲಿಯಾದ ಲಿಯರ್ಮಂತ್, ಕ್ಯಾನರಿ ದ್ವೀಪ, ಚಿಲಿ, ಕ್ಯಾಲಿಫೋರ್ನಿಯಾ, ಹವಾಯಿ, ಹೀಗೆ ಆರು ಕಡೆ ಒಂದೇ ಬಗೆಯ ಉಪಕರಣ. ಉದಯಪುರಕ್ಕೆ ಮಳೆಗಾಲದ ಮೋಡ ಕವಿದರೆ ಉಳಿದವರು ನೋಡಿಕೊಳ್ಳುತ್ತಾರೆ. 2022ರ ನವೆಂಬರಿನಲ್ಲಿ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿ ಉಕ್ಕಿ ಅಲ್ಲಿನ ವೀಕ್ಷಣಾಲಯದ ರಸ್ತೆ, ಕರೆಂಟು ಎರಡೂ ಕಡಿದುಹೋದವು. ಜಾಲ ನಿಲ್ಲಲಿಲ್ಲ.

"ಬಾಹ್ಯಾಕಾಶದಲ್ಲಿ ಹಗಲು-ರಾತ್ರಿ ಇಲ್ಲವಲ್ಲ, ಆದಿತ್ಯ ಸದಾ ನೋಡುತ್ತದಲ್ಲ" ಎನ್ನಬಹುದು. ನಿಜ. 2023ರ ಸೆಪ್ಟೆಂಬರ್ 2ರಂದು ಹಾರಿ 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಎಲ್1 ಬಿಂದುವಿನ ಸುತ್ತಿನ ಕಕ್ಷೆ ಸೇರಿದೆ. ಅಲ್ಲಿ ಸೂರ್ಯನಿಗೆ ಮರೆ ಇಲ್ಲ. ಆದರೆ ಅದರ ಮಾತು ಕೇಳಿಸಿಕೊಳ್ಳುವ, ಬೆಂಗಳೂರು ಬಳಿಯ ಬ್ಯಾಲಾಳು ಆಂಟೆನಾ ಇರುವುದು ತಿರುಗುವ ಭೂಮಿಯ ಮೇಲೆ. ಹೀಗಾಗಿ ಫ್ರೆಂಚ್ ಗಯಾನಾದ ಕೂರೂ, ಇಂಗ್ಲೆಂಡಿನ ಗೂನ್‌ಹಿಲಿಯಂಥ ಕಡೆ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ನೆರವು ಪಡೆದರು. ಕಕ್ಷೆಯ ಲೆಕ್ಕ ಹಾಕಲು ಇಸ್ರೊ ಬರೆದ ಸಾಫ್ಟ್‌ವೇರನ್ನು ತಾಳೆ ನೋಡಿಕೊಟ್ಟವರೂ ಅವರೇ. 2024ರ ಡಿಸೆಂಬರ್ 5ರಂದು ಅವರ ಪ್ರೋಬಾ-3 ಜೋಡಿಯನ್ನು ಶ್ರೀಹರಿಕೋಟದಿಂದ ನಮ್ಮ ಪಿಎಸ್‌ಎಲ್‌ವಿ ಹಾರಿಸಿತು. ಒಂದರ ಮುಂದೆ ಒಂದು 150 ಮೀಟರ್ ದೂರ ನಿಂತು ಕೃತಕ ಗ್ರಹಣ ಮಾಡಿಕೊಂಡು ಸೂರ್ಯನ ಕರೋನಾ (ಹೊರಗಿನ ಪ್ರಭಾವಲಯ) ನೋಡುವ ನೌಕೆಗಳವು.

ಕಷ್ಟಕಾಲದ ಸಹಕಾರಕ್ಕೆ ಸೋಹೊ ನೌಕೆಯ ಪ್ರಸಂಗ ನೋಡಿ. ಯೂರೋಪ್ ಕಟ್ಟಿ, ಅಮೆರಿಕ ಹಾರಿಸಿ, ಇಬ್ಬರೂ ಸೇರಿ ನಡೆಸಿದ ನೌಕೆ ಅದು, 1995ರದ್ದು. 1998ರ ಜೂನ್‌ನಲ್ಲಿ ಸಂಪರ್ಕ ಪೂರ್ತಿ ತಪ್ಪಿತು. ಒಂದು ತಿಂಗಳ ನಂತರ ಪೋರ್ಟೊ ರಿಕೊದ ಅರೆಸಿಬೊ ತಟ್ಟೆಯಿಂದ ರೇಡಾರ್ ಅಲೆ ಕಳಿಸಿ, ಪ್ರತಿಧ್ವನಿಯನ್ನು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ಹಿಡಿದು, ನೌಕೆ ಇರಬೇಕಾದ ಜಾಗದಲ್ಲೇ ಮೆಲ್ಲಗೆ ತಿರುಗುತ್ತಿದೆ ಎಂದು ಪತ್ತೆ ಮಾಡಿದರು. ಆಗಸ್ಟ್‌ನಲ್ಲಿ ಮೊದಲ ಸದ್ದು ಕೇಳಿತು. ಒಳಗೆ ಹೆಪ್ಪುಗಟ್ಟಿದ್ದ ಇಂಧನವನ್ನು ಹದವಾಗಿ ಕರಗಿಸಿ ಸೆಪ್ಟೆಂಬರಿನಲ್ಲಿ ಮತ್ತೆ ಸೂರ್ಯನ ಕಡೆ ಮುಖ ತಿರುಗಿಸಿದರು. ಅದಾದ ಮೇಲೆ ಕಾಲು ಶತಮಾನಕ್ಕೂ ಹೆಚ್ಚು ದುಡಿಯಿತು ಆ ನೌಕೆ.

ಕೇರಳದ ತುಂಬಾ ರಾಕೆಟ್ ಕೇಂದ್ರದ ವಿಷಯ ನೀವು ಓದಿಯೇ ಇರುತ್ತೀರಿ, ಚುಟುಕಾಗಿ ಮುಗಿಸುತ್ತೇನೆ. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ ಅಮೆರಿಕದ್ದು, ಒಳಗಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು, ಕೇಂದ್ರಕ್ಕೆ ಹೆಲಿಕಾಪ್ಟರ್ ಕೊಟ್ಟದ್ದು ಸೋವಿಯತ್ ಒಕ್ಕೂಟ. ಕ್ಯೂಬಾದ ಕ್ಷಿಪಣಿ ವಿಚಾರದಲ್ಲಿ ಅಮೆರಿಕ-ರಷ್ಯಾ ಯುದ್ಧದ ಅಂಚಿಗೆ ಹೋಗಿ ಬಂದು ಆಗ ಒಂದೇ ವರ್ಷ. ಕಾಂತೀಯ ಭೂಮಧ್ಯರೇಖೆ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮನಾಗಿ ಮಲಗುವ ಗೆರೆ) ಆ ಮೀನುಗಾರರ ಹಳ್ಳಿಯ ಹತ್ತಿರ ಹಾದುಹೋಗುವುದರಿಂದ ಎಲ್ಲರಿಗೂ ಆ ಜಾಗ ಬೇಕಿತ್ತು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮದ ಬುಡದಲ್ಲೇ ಈ ಹಂಚಿಕೆ ಇದೆ.

ಇನ್ನು ನಮ್ಮ ಕಡೆಯವರಿಗೆ ಏನು ಅಂದರೆ, ಮೊದಲನೆಯದು ಎಂಸಿಎಫ್. ಸಾಲಗಾಮೆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಾಣುವ ಆ ದೊಡ್ಡ ಆಂಟೆನಾಗಳು 1982ರಿಂದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಕಾಯುತ್ತಿವೆ. 36 ಸಾವಿರ ಕಿ.ಮೀ. ಎತ್ತರದಲ್ಲಿ ಗಾಳಿಯ ಘರ್ಷಣೆ ಇಲ್ಲ, ಆದರೆ ಬಿರುಗಾಳಿ ಬಂದಾಗ ವಿದ್ಯುತ್ ಕಣಗಳು ಉಪಗ್ರಹದ ಮೈಮೇಲೆ ಕೂತು ಕಿಡಿ ಹಾರಿಸಬಹುದು. 2010ರ ಏಪ್ರಿಲ್‌ನಲ್ಲಿ ಇಂಥ ಒಂದು ಏರುಪೇರಿನ ಬೆನ್ನಲ್ಲೇ ಗ್ಯಾಲಕ್ಸಿ-15 ಎಂಬ ಉಪಗ್ರಹ ಆಜ್ಞೆ ಕೇಳುವುದನ್ನು ಬಿಟ್ಟು, ಪ್ರಸಾರ ಮಾತ್ರ ಮುಂದುವರಿಸಿಕೊಂಡು, ತಿಂಗಳುಗಟ್ಟಲೆ ಬೇರೆಯವರ ಜಾಗದಲ್ಲೆಲ್ಲ ಅಲೆಯಿತು. ಇಲ್ಲಿ ಪಾಳಿಯಲ್ಲಿ ಕೂತ ಎಂಜಿನಿಯರಿಗೆ ಮುನ್ಸೂಚನೆ ಸಿಕ್ಕರೆ ಎಷ್ಟೋ ಅನುಕೂಲ. ಆದರೆ ಪ್ಲಾಸ್ಮಾದ ಮೋಡ ಎಲ್1ರಲ್ಲಿರುವ ನೌಕೆಗಳನ್ನು ಮುಟ್ಟಿದ ಮೇಲೆ ಸಿಗುವುದು ಸುಮಾರು ಒಂದು ಗಂಟೆಯ ಎಚ್ಚರಿಕೆ ಅಷ್ಟೇ. ಅಷ್ಟರಲ್ಲಿ "ಒಪ್ಪಂದ ಆಗಿದೆಯೇ" ಎಂದು ಕಾಗದ ಹುಡುಕುತ್ತಾ ಕೂರಲಾಗುವುದಿಲ್ಲ.

(ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಯಲ್ಲಿ ಡಿಶ್ ಟಿವಿ ಕೆಲವು ನಿಮಿಷ ಕಚ್ಚಿಕೊಳ್ಳುತ್ತದಲ್ಲ, ಅದು ಬಿರುಗಾಳಿ ಅಲ್ಲ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುವುದರಿಂದ ಆಗುವ ಗದ್ದಲ. ಕೇಬಲ್‌ನವರನ್ನು ಬೈಯಬೇಡಿ.)

ಎರಡನೆಯದು ನನ್ನ ಕಸುಬು. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೋವರ್ ನೆಟ್ಟರೆ ಪರದೆಯ ಮೇಲೆ 'ಫಿಕ್ಸ್' ಬರಬೇಕು. ಆಗ ಅಳತೆ ಎರಡು ಸೆಂಟಿಮೀಟರ್ ಒಳಗೆ. ಒಮ್ಮೊಮ್ಮೆ ನೋಡನೋಡುತ್ತಿದ್ದಂತೆ 'ಫ್ಲೋಟ್' ಎಂದು ಬದಲಾಗಿ ಅರ್ಧ ಮೀಟರ್ ಆಚೀಚೆ ತೇಲಾಡುತ್ತದೆ. ತೋಟದ ರೈಟರು "ಏನ್ ಸರ್ವೆಯರ್ ಸಾಹೇಬ್ರೇ, ಬೇಲಿನೇ ನಡೀತಾ ಇದ್ಯಲ್ಲ" ಅಂತ ನಗುತ್ತಾರೆ. ಹಗಲಲ್ಲಾದರೆ ಹೆಚ್ಚಿನ ಸಲ ತಪ್ಪು ಸೂರ್ಯನದಲ್ಲ, ಮೇಲಿರುವ ಸಿಲ್ವರ್ ಓಕ್ ಮರಗಳದ್ದು ಅಥವಾ ಸಿಗದ ನೆಟ್‌ವರ್ಕಿನದು. ಆದರೆ ರಸ್ತೆ ಕೆಲಸಕ್ಕೆ ಬಟ್ಟಬಯಲಿನಲ್ಲಿ ಬೇಸ್ ಇಟ್ಟು ಸಂಜೆ ಏಳರ ಮೇಲೆ ರೀಡಿಂಗ್ ತೆಗೆಯುವಾಗ, ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಒಂದೊಂದೇ ಉಪಗ್ರಹದ ಸಿಗ್ನಲ್ ನಡುಗಿ ಕಡಿದುಹೋಗುವುದು ಬೇರೆ ಬಗೆ. ಕಾಂತೀಯ ಭೂಮಧ್ಯರೇಖೆಯ ಹತ್ತಿರದ ಸೀಮೆಯಲ್ಲಿ ಸೂರ್ಯ ಮುಳುಗಿದ ಮೇಲೆ ಅಯಾನುಗೋಳದಲ್ಲಿ ಗುಳ್ಳೆಗಳು ಏಳುತ್ತವೆ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಹೆಚ್ಚು. ಹಾಸನ ಆ ಸೀಮೆಯೊಳಗೇ ಬರುತ್ತದೆ. ಬ್ರೆಜಿಲ್, ಪೆರು, ಆಫ್ರಿಕದವರಿಗೂ ಇದೇ ಗೋಳು. ಈ ಗುಳ್ಳೆಗಳ ಬಗ್ಗೆ ನಮಗೆ ತಿಳಿದದ್ದರಲ್ಲಿ ಬಹಳಷ್ಟು ಪೆರುವಿನ ಹಿಕಮಾರ್ಕಾ ರೇಡಾರಿನಿಂದ ಬಂದದ್ದು.

ಹಾಗಂತ ಎಲ್ಲರೂ ಪ್ರೀತಿಯಿಂದ ಕೈಕೈ ಹಿಡಿದಿದ್ದಾರೆ ಎಂದು ನಂಬಬೇಡಿ. 2011ರಿಂದ ಅಮೆರಿಕದ ಕಾನೂನೇ ನಾಸಾ ಚೀನಾದ ಜೊತೆ ನೇರ ಸಹಕಾರ ಮಾಡದಂತೆ ಕಟ್ಟಿಹಾಕಿದೆ. ಅದೇ ಚೀನಾದ ಜೊತೆ ಸೇರಿ ಯೂರೋಪ್ 'ಸ್ಮೈಲ್' ಎಂಬ ನೌಕೆ ಕಟ್ಟಿತು. ಉಪಕರಣ ಕಟ್ಟಿದವರು ಡೇಟಾವನ್ನು ಮೊದಲು ತಾವು ನೋಡಿ ಆಮೇಲೆ ಹೊರಗೆ ಬಿಡುವುದೂ ಉಂಟು. ಅವರ ವರ್ಷಗಳ ದುಡಿಮೆಗೆ ಅಷ್ಟು ಹಕ್ಕು ನ್ಯಾಯವೇ ಅನ್ನುವುದು ನನ್ನ ಅನಿಸಿಕೆ. ಆದರೆ ಬಿರುಗಾಳಿಯ ಎಚ್ಚರಿಕೆಗೆ ಬೇಕಾದ ಅಂಕಿಗಳನ್ನು ಯಾರೂ ಬಚ್ಚಿಡಬಾರದು.

ನೀವು ಓದುತ್ತಿರುವವರು, ಸುಮ್ಮನೆ ನನ್ನ ಮಾತು ಕೇಳುವ ಬದಲು ಕೈಹಾಕಿ ನೋಡಬಹುದು. ಆದಿತ್ಯದ ಡೇಟಾ ಇಸ್ರೊದ 'ಪ್ರದಾನ್' ತಾಣದಲ್ಲಿ ಸಿಗುತ್ತದೆ, ನೋಂದಾಯಿಸಿಕೊಂಡರೆ ಸಾಕು. ಸೋಹೊ ಚಿತ್ರಗಳಲ್ಲಿ ಸೂರ್ಯನ ಹತ್ತಿರ ಹಾಯುವ ಧೂಮಕೇತುಗಳನ್ನು ಹುಡುಕಿದವರಲ್ಲಿ ಹೆಚ್ಚಿನವರು ನಾನಾ ದೇಶದ ಹವ್ಯಾಸಿಗಳು. 2024ರಲ್ಲಿ ಆ ಲೆಕ್ಕ 5000 ಮುಟ್ಟಿತು. ಚಿತ್ರದ ಕಡತಗಳು ಸಾಮಾನ್ಯವಾಗಿ ಫಿಟ್ಸ್ ಎಂಬ, ಖಗೋಳ ವಿಜ್ಞಾನಿಗಳು ಬಳಸುವ ಮಾದರಿಯಲ್ಲಿ ಇರುತ್ತವೆ. ಎಕ್ಸೆಲ್‌ನಲ್ಲಿ ತೆರೆಯಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ, ಮೊದಲು ಒಂದಿಷ್ಟು ಪೈಥಾನ್ ಕಲಿತುಕೊಳ್ಳಿ.