1,800 ಚಂದಾದಾರರಿರುವ ಇಮೇಲ್ ಪತ್ರಕ್ಕೆ ಸಬ್ಜೆಕ್ಟ್ ಲೈನ್ ಪರೀಕ್ಷೆ ಮಾಡುವುದು ಹೇಗೆ?

ಓಪನ್ ರೇಟ್ (ಇಮೇಲ್ ತೆರೆದವರ ಪ್ರಮಾಣ) ಶೇಕಡಾ 22ರಲ್ಲೇ ನಿಂತಿದೆ, ಪ್ರತಿ ವಾರ ಎರಡು ಸಬ್ಜೆಕ್ಟ್ ಲೈನ್ ಕಳಿಸಿ ಗೆದ್ದದ್ದನ್ನು ಇಟ್ಟುಕೊಳ್ಳುತ್ತೇನೆ, ಎಮೋಜಿ ಹಾಕಲೇ, ಹೆಸರು ಸೇರಿಸಲೇ ಎಂದು ಕೇಳಿದ್ದೀರಿ. 2019ರಲ್ಲಿ ನಾನೇ ಬರೆದ ಪ್ರಶ್ನೆಯಂತಿದೆ. ಓದುತ್ತಿದ್ದಂತೆ ನಮ್ಮ ಮಂಚದ ಕೆಳಗಿನ ಪುಸ್ತಕದ ಕಟ್ಟುಗಳು ನೆನಪಾದವು.

ಧಾರವಾಡದಲ್ಲಿ ನನ್ನದೊಂದು ಪುಟ್ಟ ವ್ಯಾಪಾರ. ಕನ್ನಡ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುತ್ತೇನೆ, ಪ್ರತಿ ಶುಕ್ರವಾರ ಹೊಸ ಪುಸ್ತಕಗಳ ಇಮೇಲ್ ಬರೆಯುತ್ತೇನೆ. ಆಗ ಪಟ್ಟಿಯಲ್ಲಿ 2,400 ವಿಳಾಸಗಳಿದ್ದವು. ಮೊದಲ 1,200 ಮಂದಿ ಹಳೆಯ ಗಿರಾಕಿಗಳು, ವರ್ಷಗಳಿಂದ ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಕೈಯಾರೆ ವಿಳಾಸ ಬರೆದುಕೊಟ್ಟವರು. ಉಳಿದ 1,200 ಮಂದಿ 2019ರ ಜನವರಿಯಲ್ಲಿ ನಮ್ಮೂರಿನಲ್ಲೇ ನಡೆದ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಸಿಕ್ಕವರು. ಚೀಟಿ ಎತ್ತಿ ಗೆದ್ದವರಿಗೆ ಒಂದು ಪುಸ್ತಕ ಉಚಿತ ಎಂದು ಬೋರ್ಡ್ ಹಾಕಿದ್ದೆ. ಚೀಟಿಯಲ್ಲಿ ಇಮೇಲ್ ಬರೆಯಲೇಬೇಕಿತ್ತು. ಬರೆದರು, ಹೋದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಇದನ್ನು ಅವಸರದಲ್ಲಿ ಹೇಳಲು ನನಗೆ ಇಷ್ಟವಿಲ್ಲ.

ನಾನು ಬಳಸುತ್ತಿದ್ದ ಉಚಿತ ಸೇವೆಯಲ್ಲಿ ಎ/ಬಿ ಪರೀಕ್ಷೆಯ, ಅಂದರೆ ಪಟ್ಟಿಯನ್ನು ಎರಡು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಸಾಲು ಕಳಿಸಿ ಹೋಲಿಸುವ ಸೌಲಭ್ಯ ಇರಲಿಲ್ಲ. ಹಾಗಾಗಿ ಎಕ್ಸೆಲ್ ಹಾಳೆಯನ್ನು ಕೈಯಿಂದಲೇ ನಡುವೆ ಕತ್ತರಿಸಿದೆ. ಒಂದರಿಂದ 1,200ನೆಯ ಸಾಲಿನವರೆಗೆ ‘ಎ’, ಅಲ್ಲಿಂದ ಕೆಳಗೆ ‘ಬಿ’. ‘ಎ’ ಗುಂಪಿಗೆ ಒಗಟಿನಂಥ ಸಾಲು: “ಇದನ್ನು ನೀವು ಓದಿಲ್ಲವೇ?” ‘ಬಿ’ ಗುಂಪಿಗೆ ಸಪ್ಪೆ ಸಾಲು: ಪುಸ್ತಕದ ಹೆಸರು, ಬೆಲೆ. ಹನ್ನೊಂದು ವಾರ ಹೀಗೆ ಮಾಡಿದೆ. ಹನ್ನೊಂದು ವಾರವೂ ‘ಎ’ ಗೆದ್ದಿತು. ಅಲ್ಲಿ ಸರಾಸರಿ ಶೇಕಡಾ 30, ಇಲ್ಲಿ 17. ನನಗೋ ಹಿಗ್ಗೇ ಹಿಗ್ಗು.

ಹಾಳೆ ಯಾವ ಕ್ರಮದಲ್ಲಿತ್ತು ಎಂದು ಒಮ್ಮೆಯೂ ಯೋಚಿಸಲಿಲ್ಲ. ಸೇರಿದ ದಿನಾಂಕದ ಕ್ರಮದಲ್ಲಿತ್ತು. ಅಂದರೆ ಮೇಲಿನ ಅರ್ಧ ಪೂರ್ತಿ ನನ್ನ ಹಳೆಯ ಗಿರಾಕಿಗಳು, ಕೆಳಗಿನ ಅರ್ಧ ಪೂರ್ತಿ ಚೀಟಿ ಎತ್ತಿದವರು. ನಾನು ಹೋಲಿಸುತ್ತಿದ್ದದ್ದು ಎರಡು ಸಾಲುಗಳನ್ನಲ್ಲ, ನನ್ನನ್ನು ಬಲ್ಲವರನ್ನೂ ಬಲ್ಲದವರನ್ನೂ. ಹಳೆಯ ಗಿರಾಕಿಗಳಿಗೆ ನಾನು ಖಾಲಿ ಸಬ್ಜೆಕ್ಟ್ ಲೈನ್ ಕಳಿಸಿದ್ದರೂ ತೆರೆಯುತ್ತಿದ್ದರು, ಕಳಿಸಿದವರ ಹೆಸರು ನೋಡಿ. ಸಾಲದ್ದಕ್ಕೆ ‘ಎ’ ಬೆಳಿಗ್ಗೆ ಹೋಗುತ್ತಿತ್ತು, ‘ಬಿ’ ಊಟವಾದ ಮೇಲೆ. ಹನ್ನೊಂದು ವಾರದಲ್ಲಿ ಒಂದು ವಾರವಾದರೂ ಗುಂಪುಗಳನ್ನು ಅದಲುಬದಲು ಮಾಡಿದ್ದರೆ ಗುಟ್ಟು ಅಂದೇ ರಟ್ಟಾಗುತ್ತಿತ್ತು. ಮಾಡಲಿಲ್ಲ. ಗೆಲ್ಲುತ್ತಿರುವವರು ಲೆಕ್ಕ ಪರಿಶೀಲಿಸುವುದಿಲ್ಲ.

ಆ ವರ್ಷದ ರಾಜ್ಯೋತ್ಸವಕ್ಕೆ ಮಕ್ಕಳ ಪುಸ್ತಕಗಳ ಕಟ್ಟು ಮಾಡಿದೆ. ಐದು ಪುಸ್ತಕ, 500 ರೂಪಾಯಿ. ಎಷ್ಟು ಕಟ್ಟು ತರಿಸಬೇಕು? ಲೆಕ್ಕ ಹೀಗೆ ಹಾಕಿದೆ: ಒಗಟಿನ ಸಾಲು ಎಲ್ಲರಿಗೂ ಹೋದರೆ 2,400ರಲ್ಲಿ ಶೇಕಡಾ 30, ಅಂದರೆ 720 ಜನ ತೆರೆಯುತ್ತಾರೆ. ಹಿಂದಿನ ನವೆಂಬರಿನಲ್ಲಿ ತೆರೆದ ಐವರಲ್ಲಿ ಒಬ್ಬರು ಕೊಂಡಿದ್ದರು. ಅಲ್ಲಿಗೆ 144, ಇರಲಿ 150. (ಹಿಂದಿನ ನವೆಂಬರಿನಲ್ಲಿ ಪಟ್ಟಿಯಲ್ಲಿದ್ದವರೂ ಅದೇ ಹಳೆಯ ಗಿರಾಕಿಗಳೇ ಎನ್ನುವುದೂ ಹೊಳೆಯಲಿಲ್ಲ.) ಉಳಿದರೆ ವಾಪಸ್ ಕೊಡುವಂತಿಲ್ಲ ಎಂಬ ಷರತ್ತಿಗೆ ಒಪ್ಪಿ, ಕಟ್ಟಿಗೆ 320 ರೂಪಾಯಿಯಂತೆ 48,000 ರೂಪಾಯಿ ನಗದು ಎಣಿಸಿಕೊಟ್ಟೆ.

ಸಬ್ಜೆಕ್ಟ್ ಲೈನ್: “ಮನೆಯಲ್ಲಿ ಇದೊಂದು ಇಲ್ಲವಲ್ಲ!” ತೆರೆದವರು ಶೇಕಡಾ 23. ಮೂವತ್ತು ಮತ್ತು ಹದಿನೇಳರ ಸರಾಸರಿ ಎಷ್ಟು ಎಂದು ನೀವೇ ನೋಡಿ. ಬಂದ ಆರ್ಡರ್ 31.

ಒಂದು ವಾರದ ನಂತರ ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿದರು. “ಏನವ್ವಾ, ಈ ವರ್ಷ ರಾಜ್ಯೋತ್ಸವದ ಪಟ್ಟಿ ಕಳಿಸಲೇ ಇಲ್ಲವಲ್ಲ?” ಕಳಿಸಿದ್ದೇನೆ ಸರ್ ಎಂದು ಸಾಲು ಓದಿ ಹೇಳಿದೆ. “ಓ, ಅದು ನಿಮ್ಮದೇ? ಫ್ರಿಜ್ ಮಾರುವವರದೆಂದು ಅಳಿಸಿಬಿಟ್ಟೆ.”

ಆಗಲೂ ನನಗೆ ಬುದ್ಧಿ ಬರಲಿಲ್ಲ, ಜನರ ಓದಿನ ಅಭಿರುಚಿಯನ್ನೇ ಬೈದುಕೊಂಡೆ. ಬುದ್ಧಿ ಬಂದದ್ದು 2020ರ ಜನವರಿಯ ಒಂದು ಶುಕ್ರವಾರ, ಅದೂ ಅಕಸ್ಮಾತ್ತಾಗಿ. ಬೆಳಿಗ್ಗೆ ‘ಎ’ ಕಳಿಸಿದ ಮೇಲೆ ಕರೆಂಟ್ ಹೋಯಿತು. ಮಧ್ಯಾಹ್ನ ಬಂದಾಗ ಅವಸರದಲ್ಲಿ ಸಾಲು ಬದಲಿಸುವುದನ್ನೇ ಮರೆತು ‘ಬಿ’ ಗುಂಪಿಗೂ ಅದನ್ನೇ ಕಳಿಸಿಬಿಟ್ಟೆ. ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಸಾಲು. ಸಂಜೆ ನೋಡಿದರೆ ಒಂದು ಕಡೆ ಶೇಕಡಾ 29, ಇನ್ನೊಂದು ಕಡೆ 16. ತನ್ನ ವಿರುದ್ಧ ತಾನೇ ಹದಿಮೂರು ಅಂಶಗಳಿಂದ ಗೆದ್ದ ಸಾಲನ್ನು ನೋಡುತ್ತಾ ಎಷ್ಟು ಹೊತ್ತು ಕುಳಿತಿದ್ದೆನೋ, ಚಹಾ ಆರಿ ಕೆನೆ ಕಟ್ಟಿತ್ತು.

ಆದ್ದರಿಂದ ನಿಮ್ಮ ಮೊದಲ ಪರೀಕ್ಷೆ ಅದೇ ಆಗಲಿ. ಎರಡೂ ಗುಂಪಿಗೆ ಒಂದೇ ಸಾಲು ಕಳಿಸಿ. ದೊಡ್ಡ ಅಂತರ ಬಂದರೆ ನಿಮ್ಮ ವಿಂಗಡಣೆಯೇ ಕೆಟ್ಟಿದೆ. ವಿಂಗಡಿಸುವುದಾದರೆ ಹಾಳೆಯಲ್ಲಿ ಒಂದು ಹೊಸ ಕಾಲಂ ಮಾಡಿ, ರ‍್ಯಾಂಡ್ ಸೂತ್ರ (RAND, ಮನಬಂದಂತೆ ಸಂಖ್ಯೆ ಕೊಡುವಂಥದ್ದು) ಹಾಕಿ, ಬಂದ ಸಂಖ್ಯೆಗಳನ್ನು ಬರಿಯ ಸಂಖ್ಯೆಗಳಾಗಿ ಅಂಟಿಸಿಕೊಂಡು (ಇಲ್ಲದಿದ್ದರೆ ಮುಟ್ಟಿದಾಗಲೆಲ್ಲ ಬದಲಾಗುತ್ತವೆ) ಆ ಕ್ರಮದಲ್ಲಿ ಜೋಡಿಸಿ, ಆಮೇಲೆ ಕತ್ತರಿಸಿ. ಪ್ರತಿ ಪರೀಕ್ಷೆಗೂ ಹೊಸದಾಗಿ ಕಲಸಿ, ಇಸ್ಪೀಟೆಲೆಯ ಹಾಗೆ. ಎರಡನ್ನೂ ಒಂದೇ ಹೊತ್ತಿಗೆ ಕಳಿಸಿ.

ಇಷ್ಟೆಲ್ಲ ಹೇಳಿದರೂ, 1,800 ಜನರ ಪಟ್ಟಿಯಲ್ಲಿ ನೀವು ಈ ಪರೀಕ್ಷೆ ಮಾಡುವುದೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಶೇಕಡಾ 20 ಮತ್ತು 22ರ ನಡುವಿನ ವ್ಯತ್ಯಾಸವನ್ನು ನಂಬುವಷ್ಟು ಖಚಿತವಾಗಿ ಹಿಡಿಯಲು ಒಂದೊಂದು ಗುಂಪಿನಲ್ಲೂ ಸುಮಾರು 6,500 ಜನ ಬೇಕು. ಶೇಕಡಾ ಹತ್ತರಷ್ಟು ಜನಕ್ಕೆ ಒಂದು, ಇನ್ನು ಹತ್ತರಷ್ಟಕ್ಕೆ ಇನ್ನೊಂದು ಕಳಿಸಿ, ಗೆದ್ದದ್ದನ್ನು ಉಳಿದವರಿಗೆ ತಾನಾಗಿ ಕಳಿಸುವ ಸೌಲಭ್ಯವಿದೆಯಲ್ಲ, ಅದರಲ್ಲಿ ನಿಮ್ಮ ಗುಂಪಿಗೆ ಸಿಗುವುದು 180 ಜನ. ತೆರೆಯುವವರು ನಲವತ್ತು. ಒಂದರಲ್ಲಿ 40, ಇನ್ನೊಂದರಲ್ಲಿ 48 ಬಂದರೆ ಗೆಲುವಲ್ಲ. ಒಂದೇ ಸಾಲು ಎರಡೂ ಕಡೆ ಕಳಿಸಿದರೂ ಹೆಚ್ಚುಕಡಿಮೆ ಮೂರು ಸಲಕ್ಕೊಮ್ಮೆ ಅಷ್ಟು ಅಂತರ ಬಂದೇ ಬರುತ್ತದೆ.

ಇನ್ನು ಆ 22 ಎಂಬ ಅಂಕಿಯೇ ಪೊಳ್ಳು. ಇಮೇಲಿನಲ್ಲಿ ಅಡಗಿಸಿಟ್ಟ ಕಣ್ಣಿಗೆ ಕಾಣದ ಚುಕ್ಕೆಯಂಥ ಚಿತ್ರವೊಂದು ಲೋಡ್ ಆದರೆ ‘ತೆರೆದರು’ ಎಂದು ಲೆಕ್ಕ. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ತಂತ್ರಾಂಶ ಐಒಎಸ್ 15 ಬಂದ ಮೇಲೆ ಆಪಲ್‌ನ ಮೇಲ್ ಆ್ಯಪಿನಲ್ಲಿ ಗೌಪ್ಯತೆಯ ರಕ್ಷಣೆ ಆರಿಸಿಕೊಂಡವರಿಗೆ ಆಪಲ್ ತಾನೇ ಚಿತ್ರಗಳನ್ನು ಮೊದಲೇ ತರಿಸಿಟ್ಟುಕೊಳ್ಳುತ್ತದೆ, ಅವರು ಓದಲಿ ಬಿಡಲಿ. ಚಿತ್ರ ಬೇಡವೆಂದು ಇಟ್ಟುಕೊಂಡವರು ಪೂರ್ತಿ ಓದಿದರೂ ಲೆಕ್ಕಕ್ಕೆ ಸಿಗುವುದಿಲ್ಲ. ಉತ್ತರ ಬರೆದವರನ್ನು ಎಣಿಸಿ, ಕೊಂಡವರನ್ನು ಎಣಿಸಿ.

ಒಬಾಮಾ ಚುನಾವಣಾ ಪ್ರಚಾರದ ಇಮೇಲುಗಳ ಉದಾಹರಣೆಯನ್ನೂ ಕೊಟ್ಟಿದ್ದೀರಿ. ನಿಜ, 2012ರಲ್ಲಿ ಅವರು ಒಂದು ಇಮೇಲಿಗೆ ಹದಿನೆಂಟರವರೆಗೂ ರೂಪಗಳನ್ನು ಪರೀಕ್ಷಿಸುತ್ತಿದ್ದರು. ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾನೆ ಎಂಬರ್ಥದ ಸಾಲಿನಿಂದ 26 ಲಕ್ಷ ಡಾಲರಿಗೂ ಹೆಚ್ಚು ಬಂತು, ಅದೇ ಪರೀಕ್ಷೆಯಲ್ಲಿ ಕೊನೆಗುಳಿದ ಸಾಲಾಗಿದ್ದರೆ ಸುಮಾರು ನಾಲ್ಕು ಲಕ್ಷ ಬರುತ್ತಿತ್ತು ಎಂದು ಅವರ ಅಂದಾಜು. ಆದರೆ ಅವರು ಅಳೆದದ್ದು ದೇಣಿಗೆಯನ್ನು, ಪಟ್ಟಿಯಲ್ಲಿದ್ದವರು ಲಕ್ಷಗಟ್ಟಲೆ ಜನ. ನನ್ನ ನಿಮ್ಮ ಅಂಗಡಿಗೆ ಆ ಲೆಕ್ಕ ಒಗ್ಗದು.

ಎಮೋಜಿ ಹಾಕಿ, ಬಿಡಿ, ನನಗೆ ಚಿಂತೆಯಿಲ್ಲ. ಹೆಸರು ಸೇರಿಸುವ ಮುನ್ನ ಮಾತ್ರ ಹೆಸರಿನ ಕಾಲಂ ಒಮ್ಮೆ ಓದಿ. ನನ್ನ ನೋಟ್‌ಬುಕ್ಕಿನಿಂದ ಹಾಳೆಗೆ ಇಳಿಸಿದವರು ಪಕ್ಕದ ಟಿಪ್ಪಣಿಯನ್ನೂ ಇಳಿಸಿದ್ದರಿಂದ ಒಬ್ಬರಿಗೆ “ನಮಸ್ಕಾರ ಬಾಕಿ 240” ಎಂದು ಹೋಗಿತ್ತು. ಪಾಪ, ಮರುದಿನವೇ ಹಣ ಕಳಿಸಿದರು.

ಪರೀಕ್ಷೆಯಿಲ್ಲದೆ ನಾನು ಕಲಿತದ್ದು ಒಂದಿದೆ. ನಮ್ಮ ಭಾಷೆಯಲ್ಲಿ ಮುಖ್ಯ ಮಾತು ವಾಕ್ಯದ ಕೊನೆಗೆ ಬರುತ್ತದೆ, ಮೊಬೈಲ್ ಕತ್ತರಿಸುವುದೂ ಕೊನೆಯನ್ನೇ. “ಈ ವಾರ ನಮ್ಮಲ್ಲಿಗೆ ಹೊಸದಾಗಿ ಬಂದಿರುವ ಮಕ್ಕಳ ಪುಸ್ತಕಗಳಿಗೆ ಶೇಕಡಾ 20 ರಿಯಾಯಿತಿ” ಎಂದು ಬರೆದರೆ ಓದುಗರಿಗೆ ಕಾಣುವುದು “ಈ ವಾರ ನಮ್ಮಲ್ಲಿಗೆ ಹೊಸದಾಗಿ…” ಅಷ್ಟೇ. ತಿರುಗಿಸಿ ಬರೆಯಿರಿ: “ಮಕ್ಕಳ ಪುಸ್ತಕ, 20% ರಿಯಾಯಿತಿ, ಭಾನುವಾರದವರೆಗೆ.” ಈಗ ನನ್ನ ಎಲ್ಲ ಸಾಲುಗಳೂ ಹೀಗೇ ಇರುತ್ತವೆ. ಮಾಸ್ತರರು ಅಳಿಸುತ್ತಿಲ್ಲ.

ಉಳಿದ 119 ಕಟ್ಟುಗಳಲ್ಲಿ ಕೆಲವನ್ನು ಗೆದ್ದಲು ತಿಂದಿತು, ಹೆಚ್ಚಿನವನ್ನು ಶಾಲೆಗಳಿಗೆ ಕೊಟ್ಟೆ. ಇನ್ನೂ ಏಳು ಇವೆ. ಮನೆಯಲ್ಲಿ ಮಕ್ಕಳಿದ್ದರೆ ಹೇಳಿ, ಅಂಚೆ ವೆಚ್ಚ ಮಾತ್ರ ನಿಮ್ಮದು.