ಮೂರು ಹೆಸರುಗಳ ನಡುವೆ: ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಬರುವ ಹೆಸರುಗಳೆಲ್ಲ ಬದಲಾಯಿಸಿದವು. ಪ್ರಕರಣವೇ ಹೆಸರಿಗೆ ಸಂಬಂಧಿಸಿದ್ದರಿಂದ, ನಿಜವಾದ ಹೆಸರುಗಳ ನಡುವೆ ಇದ್ದ ನಂಟು ಕೆಡದ ಹಾಗೆ ಬದಲಿ ಹೆಸರುಗಳನ್ನು ಆರಿಸಿಕೊಂಡಿದ್ದೇನೆ. ಊರು, ಉದ್ಯೋಗ, ವಯಸ್ಸಿನ ವಿವರಗಳನ್ನೂ ಗುರುತು ಸಿಗದಂತೆ ಮಾರ್ಪಡಿಸಿದ್ದೇನೆ. ಬರೆಯುವುದಕ್ಕೆ ಸಲಹಾರ್ಥಿಯ ಒಪ್ಪಿಗೆಯಿದೆ. ಅವರನ್ನು ಉದ್ದಕ್ಕೂ ಚೇತನಾ ಎಂದೇ ಕರೆಯುತ್ತೇನೆ. ನನ್ನ ಬಳಿಗೆ ಮೊದಲ ಸಲ ಬಂದಾಗ ಅವರು ಇನ್ನೂ ಆ ಹೆಸರನ್ನು ಆರಿಸಿಕೊಂಡಿರಲಿಲ್ಲ.

ಚೇತನಾ ಧಾರವಾಡ ಕಡೆಯ ಒಂದು ಹಳ್ಳಿಯವರು, ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಉದ್ಯೋಗಿ, ಇಪ್ಪತ್ತರ ಕೊನೆಯ ವಯಸ್ಸಿನವರು. ಹುಟ್ಟಿದಾಗ ಗಂಡೆಂದು ದಾಖಲಾಗಿದ್ದ ಅವರು ಹೆಣ್ಣಾಗಿ ಬದುಕಲು ಆರಂಭಿಸಿ ಎರಡು ವರ್ಷಗಳಾಗಿದ್ದವು. 2022ರ ಕೊನೆಯಲ್ಲಿ ಅವರು ಬಂದದ್ದು ನಿದ್ರಾಹೀನತೆಯ ದೂರಿನೊಂದಿಗೆ. ಅದಕ್ಕೆ ಕಾರಣವಾದದ್ದು ಕಿರುಕುಳವಲ್ಲ, ಒಂದು ಒಳ್ಳೆಯ ಸುದ್ದಿ. ಗುರುತಿನ ಚೀಟಿಯಲ್ಲಿಯೂ ಇಮೇಲ್‌ನಲ್ಲಿಯೂ ಹೆಸರನ್ನು ಬದಲಿಸಿಕೊಡುತ್ತೇವೆ, ಯಾವ ಹೆಸರು ಬೇಕೆಂದು ವಾರದೊಳಗೆ ಬರೆದುಕೊಡಿ ಎಂದು ಕಚೇರಿಯ ಎಚ್‌ಆರ್ ವಿಭಾಗದವರು ಒಂದು ಅರ್ಜಿ ನಮೂನೆಯನ್ನು ಕೊಟ್ಟಿದ್ದರು. ವರ್ಷಗಳಿಂದ ಬಯಸಿದ್ದ ಅವಕಾಶ ಎದುರಿಗೆ ಬಂದಾಗ ಆ ಖಾಲಿ ಚೌಕದಲ್ಲಿ ಏನು ಬರೆಯಬೇಕೆಂಬುದೇ ಅವರಿಗೆ ತಿಳಿಯಲಿಲ್ಲ. ‘ನನಗೆ ನನ್ನ ಹೆಸರೇ ಗೊತ್ತಿಲ್ಲ ಅಂದರೆ ನಾನು ಇಷ್ಟು ದಿನ ಹೇಳಿಕೊಂಡಿದ್ದೆಲ್ಲ ಸುಳ್ಳು ಅಂತ ಅನ್ನಿಸುತ್ತೆ ಮೇಡಂ’ ಎಂದರು. ಹೆಸರಿನ ಬಗೆಗಿನ ಅನುಮಾನವನ್ನು ತಮ್ಮ ಲಿಂಗತ್ವದ ಬಗೆಗಿನ ಅನುಮಾನವೆಂದು ಅವರು ತಿಳಿದುಕೊಂಡಿದ್ದರು. ಇವೆರಡೂ ಬೇರೆ ಬೇರೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಸ್ಪಷ್ಟಪಡಿಸಿದೆ. ನಮ್ಮಲ್ಲಿ ಯಾರೂ ತಮಗೆ ತಾವೇ ಹೆಸರಿಟ್ಟುಕೊಳ್ಳುವುದಿಲ್ಲ. ತೊಟ್ಟಿಲಲ್ಲಿ ಹಾಕಿ ಸೋದರತ್ತೆ ಕಿವಿಯಲ್ಲಿ ಹೇಳಿದ್ದೇ ಹೆಸರಾಗುತ್ತದೆ. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲಿ ಆ ಕೆಲಸವನ್ನು ಒಬ್ಬರೇ ಮಾಡಿಕೊಳ್ಳಬೇಕಾಗಿ ಬಂದಾಗ ಕೈ ತಡವರಿಸುವುದು ಸಹಜ.

ಮಾತು ಮುಂದುವರಿದಂತೆ, ಅವರಿಗೆ ಹೆಸರುಗಳ ಕೊರತೆಯಿರಲಿಲ್ಲ, ಹೆಸರುಗಳು ಹೆಚ್ಚಾಗಿದ್ದವು ಎಂಬುದು ಗೊತ್ತಾಯಿತು. ಮೊದಲನೆಯದು ನಿಶಾ. ಪಿಯುಸಿ ಓದುವಾಗ, ಮನೆಯವರಿಗೆ ತಿಳಿಯದಂತೆ ಫೋನಿನಲ್ಲಿ ಗೆಳತಿಯರನ್ನು ಹುಡುಕಿಕೊಂಡ ದಿನಗಳಲ್ಲಿ, ತಾವೇ ಇಟ್ಟುಕೊಂಡಿದ್ದ ಹೆಸರದು. ಎರಡನೆಯದು ಕಾಜಲ್. ಬೆಂಗಳೂರಿಗೆ ಬಂದ ಹೊಸತರಲ್ಲಿ ಹಿಜ್ರಾಗಳು ಒಟ್ಟಿಗೆ ವಾಸಿಸುವ ಹಮಾಮ್ ಒಂದರಲ್ಲಿ ಆಶ್ರಯ ಪಡೆದಾಗ, ಆ ಸಮುದಾಯದ ಪದ್ಧತಿಯಂತೆ ರೀತ್ (ಸೇರ್ಪಡೆಯ ವಿಧಿ) ಮಾಡಿ ಚೇಲಾ (ಶಿಷ್ಯೆ) ಎಂದು ಒಪ್ಪಿಕೊಂಡ ಗುರು ಕೊಟ್ಟ ಹೆಸರು. ಸಮುದಾಯದಲ್ಲಿ ಗುರುವೆಂದರೆ ತಾಯಿಯ ಸ್ಥಾನ. ಎಷ್ಟೋ ಕಡೆ ಚೇಲಾ ಇಷ್ಟಪಟ್ಟ ಹೆಸರನ್ನು ಗುರು ಒಪ್ಪಿಕೊಳ್ಳುವುದೂ ಉಂಟು, ಚಿತ್ರನಟಿಯರ ಹೆಸರುಗಳು ಹೆಚ್ಚಾಗಿ ಕೇಳಿಬರುವುದಕ್ಕೆ ಅದೂ ಒಂದು ಕಾರಣ. ಆದರೆ ಇಲ್ಲಿ ಗುರುವೇ ಇಟ್ಟಿದ್ದರು. ಮೂರನೆಯದನ್ನು ಮುಂದೊಡ್ಡಿದವರು ಊರಿನಲ್ಲಿದ್ದ ತಾಯಿ. ಹುಟ್ಟುಹೆಸರು ಅಜ್ಜನದು, ಚನ್ನಬಸಪ್ಪ. ಹೆಸರು ಬದಲಾಗಲೇಬೇಕೆಂದಿದ್ದರೆ ಚನ್ನವ್ವ ಎಂದಾಗಲಿ, ಅಜ್ಜನ ಹೆಸರು ಪೂರ್ತಿ ಅಳಿಸಿಹೋಗುವುದು ಬೇಡ ಎಂಬುದು ಅವರ ಪಟ್ಟು.

ತಾಯಿಯ ಸೂಚನೆಯನ್ನು ಹಳ್ಳಿಯವರ ಮೂಢತನವೆಂದು ತಳ್ಳಿಹಾಕುವುದು ಸುಲಭ. ಚೇತನಾ ಹಾಗೆಯೇ ಮಾಡುತ್ತಿದ್ದರು. ಆದರೆ ಅದು ಈ ನಾಡಿನಲ್ಲಿ ಮೊದಲಿನಿಂದಲೂ ಇರುವ ಒಂದು ದಾರಿ. ಎಲ್ಲಮ್ಮನ ಭಕ್ತರಾದ ಜೋಗತಿಯರಲ್ಲಿ, ಮುತ್ತು ಕಟ್ಟಿಸಿಕೊಂಡು ದೇವಿಯ ಸೇವೆಗೆ ದೀಕ್ಷೆ ಪಡೆದ ಮೇಲೆ, ಹುಟ್ಟುಹೆಸರಿನ ಮೊದಲ ಭಾಗವನ್ನು ಉಳಿಸಿಕೊಂಡು ಕೊನೆಯಲ್ಲಿ ಅಮ್ಮ ಎಂದು ಸೇರಿಸಿಕೊಂಡವರಿದ್ದಾರೆ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, ಪದ್ಮಶ್ರೀ ಪುರಸ್ಕೃತ ಮಂಜಮ್ಮ ಜೋಗತಿಯವರು ತಾವು ಮಂಜುನಾಥನಾಗಿ ಹುಟ್ಟಿದ್ದನ್ನು ತಾವೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಈ ಉದಾಹರಣೆಯನ್ನು ಚೇತನಾ ಅವರ ಮುಂದಿಟ್ಟದ್ದು ಅದನ್ನು ಅನುಸರಿಸಲಿ ಎಂದಲ್ಲ. ತಾಯಿ ಹೇಳಿದ್ದರಲ್ಲಿ ಅವಮಾನವಿರಲಿಲ್ಲ ಎಂಬುದಷ್ಟು ಮನದಟ್ಟಾಗಲಿ ಎಂದು. ಅವರು ತುಸು ಹೊತ್ತು ಯೋಚಿಸಿ, ‘ಆದರೂ ಚನ್ನವ್ವ ನಮ್ಮ ಓಣಿಯ ಮುದುಕಿಯರ ಹೆಸರು. ಆಫೀಸಿನಲ್ಲಿ ನಗ್ತಾರೆ’ ಎಂದರು. ಹೆಸರು ಹಳೆಯದಾಗಿದೆ ಎಂಬ ಕಾರಣಕ್ಕೆ ಬೇಡವೆನ್ನುವ ಹಕ್ಕು ಎಲ್ಲ ಹೆಣ್ಣುಮಕ್ಕಳಿಗೂ ಇರುವಂತೆ ಅವರಿಗೂ ಇದೆ. ತೃತೀಯಲಿಂಗಿಗಳು ಆರಿಸಿಕೊಳ್ಳುವ ಹೆಸರಿನ ಹಿಂದೆ ಆಳವಾದ ನೋವೋ ಅರ್ಥವೋ ಇರಲೇಬೇಕೆಂದು ನಿರೀಕ್ಷಿಸುವವರು ನಮ್ಮ ವೃತ್ತಿಯಲ್ಲಿಯೂ ಇದ್ದಾರೆ. ಕಿವಿಗೆ ಇಂಪಾಗಿದೆ ಎಂಬುದೂ ಸಾಕಷ್ಟು ಕಾರಣವೆಂದೇ ನನ್ನ ಅಭಿಪ್ರಾಯ.

ತಾಯಿಯೊಡನೆ ಮಾತನಾಡಲು ಚೇತನಾ ಒಪ್ಪಿದ ಮೇಲೆ, ಮಗಳನ್ನು ನೋಡಲು ಅವರು ಬೆಂಗಳೂರಿಗೆ ಬಂದಿದ್ದಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡೆ. ಸೆರಗನ್ನು ಬಿಗಿಯಾಗಿ ಹೊದ್ದು ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ನಮ್ಮ ಮಾವನವರ ಹೆಸರ ರೀ ಅದು. ಅದನ್ನ ತಗದು ಒಗದ್ರ ಮನಿತನದಾಗ ಅವರ ಹೆಸರು ಹೇಳೂರು ಯಾರ ಉಳೀತಾರ?’ ಎಂದರು. ನೀವು ಮನೆಯಲ್ಲಿ ಇವರನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿದೆ. ‘ಮುತ್ತು’ ಎಂದರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲದ ಮನೆ ಅದು. ಹೀಗಾಗಿ ಅಜ್ಜನ ಹೆಸರು ಹೊತ್ತ ಕೂಸನ್ನು ಮೊದಲು ಮುತ್ಯಾ (ಅಜ್ಜ) ಎಂದೂ ಬರಬರುತ್ತ ಮುತ್ತು ಎಂದೂ ಕರೆದಿದ್ದರು. ಯಾವ ಹೆಸರಿಗಾಗಿ ಅವರು ಜಗಳವಾಡುತ್ತಿದ್ದರೋ ಆ ಹೆಸರಿನಿಂದ ಅವರು ತಮ್ಮ ಮಗುವನ್ನು ಒಮ್ಮೆಯೂ ಕರೆದಿರಲಿಲ್ಲ. ಇದನ್ನು ನಾನು ಎತ್ತಿ ಆಡಲಿಲ್ಲ. ಅವರ ಮಾತಿನಿಂದಲೇ ಅದು ಹೊರಬಂದಿತ್ತು.

ಚೇತನಾ ಆಗ, ಅವ್ವ, ನಿನಗೂ ಎರಡು ಹೆಸರಿಲ್ಲವೇ, ತವರಿನಲ್ಲೊಂದು ಇಲ್ಲೊಂದು ಎಂದು ಕೇಳಿದರು. ಮದುವೆಯಲ್ಲಿ ಅಕ್ಕಿಯ ಮೇಲೆ ಬರೆದು ಸೊಸೆಯ ಹೆಸರನ್ನು ಬದಲಿಸುವ ವಾಡಿಕೆ ಆ ಕಡೆಯ ಹಲವು ಮನೆತನಗಳಲ್ಲಿದೆ. ಈ ಪ್ರಶ್ನೆಯಿಂದ ತಾಯಿ ಮೆತ್ತಗಾಗುತ್ತಾರೆಂದು ಮಗಳು ನಿರೀಕ್ಷಿಸಿದ್ದರು. ಆದದ್ದು ಬೇರೆಯೇ. ‘ಅಕ್ಕ್ಯಾಗ ಬರದು ನನ್ನ ಹೆಸರು ಬದಲಿ ಮಾಡಿದ್ರಲ್ಲ, ಆವಾಗ ನನ್ನ ಯಾರರ ಕೇಳಿದ್ರೇನು? ನಾ ಸುಮ್ಮ ಇರಲಿಲ್ಲ?’ ಎಂದು ಅವರು ಸಿಟ್ಟಿನಿಂದಲೇ ಕೇಳಿದರು. ಮಗಳಿಗೆ ಸಿಗುತ್ತಿರುವ ಆಯ್ಕೆ ತಮಗೆ ಸಿಕ್ಕಿರಲಿಲ್ಲ ಎಂಬ ಹಳೆಯ ಸಂಕಟ ಆ ಸಿಟ್ಟಿನಲ್ಲಿತ್ತು, ಮಗಳ ವಿಷಯಕ್ಕೆ ಅದರ ಸಂಬಂಧ ಕಡಿಮೆಯೇ ಇತ್ತು. ಅವರ ತವರಿನ ಹೆಸರು ಏನೆಂದು ಕೇಳಿದೆ. ಹೇಳಿದರು. ಆ ಹೆಸರಿನ ಬಗ್ಗೆ, ಆ ಹೆಸರಿನಿಂದ ಕರೆಯುತ್ತಿದ್ದ ತಂಗಿಯ ಬಗ್ಗೆ ಮಾತು ಹರಿದು ಅಂದಿನ ಸಮಯವೆಲ್ಲ ಅದರಲ್ಲಿಯೇ ಕಳೆಯಿತು. ನಾನು ಅದನ್ನು ತಡೆಯಲಿಲ್ಲ.

ಆ ಭೇಟಿಯ ನಂತರ ತಾಯಿಗೆ ನಾನು ಹೇಳಿದ್ದು ಇಷ್ಟು. ಮುತ್ತು ಎಂಬ ಕರೆಯನ್ನು ಬದಲಿಸಬೇಕಾದ ಅಗತ್ಯವೇ ಇಲ್ಲ, ಅದರಲ್ಲಿ ಗಂಡು ಹೆಣ್ಣಿನ ಭೇದವಿಲ್ಲ. ಎದುರಿಗೆ ಮಾತನಾಡುವಾಗ ಬಾ, ಉಣ್ಣು, ಯಾವಾಗ ಬಂದಿ ಎನ್ನುವುದರಲ್ಲಿಯೂ ತೊಡಕಿಲ್ಲ. ತೊಡಕು ಬರುವುದು ನೆರೆಯವರ ಮುಂದೆ ಬಂದಾನ ಎನ್ನಬೇಕೋ ಬಂದಾಳ ಎನ್ನಬೇಕೋ ಎಂಬಲ್ಲಿ. ಇದನ್ನು ತಪ್ಪಿಸಲು ಕೆಲವು ಮನೆಗಳಲ್ಲಿ ಬಂದೈತಿ ಎಂದುಬಿಡುತ್ತಾರೆ. ಎಳೆಗೂಸಿಗೆ ಅದು ಮುದ್ದಿನ ಮಾತು, ಆದರೆ ಬೀದಿಯಲ್ಲಿ ‘ಅದು’ ಎಂದು ಅನ್ನಿಸಿಕೊಂಡ ವ್ಯಕ್ತಿಗೆ ಅದೇ ಮಾತು ಚುಚ್ಚುತ್ತದೆ. ನಾಲಿಗೆ ತಿರುಗುವವರೆಗೆ ‘ಬಂದಾರ’ ಎಂದು ಬಹುವಚನವನ್ನೇ ಬಳಸಿ ಎಂದೆ. ಮಕ್ಕಳಿಗೆ ಬಹುವಚನ ಹಚ್ಚುವುದು ನಗೆಪಾಟಲೆಂದು ಅವರಿಗೆ ಅನ್ನಿಸಿತಾದರೂ ಒಪ್ಪಿಕೊಂಡರು.

ಗುರುವಿನ ವಿಷಯ ಚೇತನಾ ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಕಾಜಲ್ ಎಂಬ ಹೆಸರನ್ನು ಕಾಗದಪತ್ರಗಳಲ್ಲಿ ಹಾಕಿಸಿಕೊಳ್ಳದಿದ್ದರೆ ಸಂಬಂಧವೇ ಕಡಿದುಹೋಗಬಹುದೆಂದು ಅವರು ಭಾವಿಸಿದ್ದರು. ನೇರವಾಗಿ ಕೇಳಿ ಎಂದು ನಾನು ಸಲಹೆ ಕೊಟ್ಟೆ. ಗುರು ಹೇಳಿದ್ದನ್ನು ಚೇತನಾ ಅವರೇ ಬಂದು ವರದಿ ಮಾಡಿದರು: ‘ನಾನಿಟ್ಟ ಹೆಸರು ನಮ್ಮನೇಲಿರ್ಲಿ. ಆಫೀಸಲ್ಲಿ ಯಾವುದು ಬೇಕೋ ಅದು ಬರೆಸ್ಕೋ. ನಂಗೇ ನನ್ನ ಗುರು ಇಟ್ಟಿದ್ದೊಂದು, ರೇಷನ್ ಕಾರ್ಡಲ್ಲಿರೋದು ಇನ್ನೊಂದು.’ ಹೆಸರು ಒಂದೇ ಆಗಿರಬೇಕೆಂಬ ಹಟ ಸರ್ಕಾರಿ ದಾಖಲೆಗಳದ್ದು. ಮನುಷ್ಯರ ನಡುವೆ ಅಂಥ ನಿಯಮವಿಲ್ಲ.

ಎಚ್‌ಆರ್ ವಿಭಾಗದವರಿಂದ ಇನ್ನಷ್ಟು ಸಮಯ ಕೇಳಿಕೊಳ್ಳಿ ಎಂದೂ ಸಮಯ ಸಿಕ್ಕ ಮೇಲೆ ಹೆಸರುಗಳನ್ನು ಬಾಯಲ್ಲಿ ಬಳಸಿ ನೋಡಿ ಎಂದೂ ಹೇಳಿದೆ. ನಂಬಿಕೆಯ ಇಬ್ಬರು ಗೆಳತಿಯರು ಕೆಲವು ವಾರ ಒಂದೊಂದು ಹೆಸರಿನಿಂದ ಕರೆಯುವುದು, ಪಾರ್ಸೆಲ್ ತರಿಸಿಕೊಳ್ಳುವಾಗ ಆ ಹೆಸರನ್ನು ಕೊಡುವುದು, ಸಹಿ ಮಾಡಿ ನೋಡುವುದು. ಹಿಂದೊಮ್ಮೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತುಂಬಿದ ಜನರ ನಡುವೆ ಹಳೆಯ ಹೆಸರನ್ನು ಕೂಗಿದಾಗ ಎದ್ದು ಹೋಗಲಾರದೆ ಪರೀಕ್ಷೆಯನ್ನೇ ಬಿಟ್ಟುಬಂದಿದ್ದ ಅವರಿಗೆ, ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಹೇಗನ್ನಿಸುತ್ತದೆ ಎಂಬುದೇ ದೊಡ್ಡ ಪರೀಕ್ಷೆಯಾಗಿತ್ತು. ನಿಶಾ ಎಂಬ ಹೆಸರು ಇಲ್ಲಿ ಸೋತಿತು. ಹತ್ತು ವರ್ಷ ಜೊತೆಗಿದ್ದ ಹೆಸರನ್ನು ಬಿಡುವುದಕ್ಕೆ ಅವರಿಗೆ ದುಃಖವಾಯಿತು. ಆದರೆ ಹಗಲಿನಲ್ಲಿ, ಬಸ್ ನಿಲ್ದಾಣದಲ್ಲಿ ಗೆಳತಿ ಹಾಗೆ ಕೂಗಿದಾಗ ಯಾರೋ ಗುಟ್ಟನ್ನು ಬಯಲು ಮಾಡಿದಂತಾಯಿತು ಎಂದರು. ಚೇತನಾ ಎಂಬುದು ಅವರ ಪಟ್ಟಿಯಲ್ಲಿ ತಡವಾಗಿ ಸೇರಿದ ಹೆಸರು. ಅಜ್ಜನ ಹೆಸರಿನ ಮೊದಲಕ್ಷರ ಅದರಲ್ಲಿ ಉಳಿಯುತ್ತಿತ್ತು, ಸಹಿಯ ಆರಂಭವನ್ನು ಬದಲಿಸಬೇಕಾಗಿರಲಿಲ್ಲ. ಸಂಖ್ಯಾಶಾಸ್ತ್ರದವರೊಬ್ಬರಿಗೆ ಹಣ ಕೊಟ್ಟು ಕೇಳುವ ಯೋಚನೆಯೂ ಅವರಿಗಿತ್ತು. ಹಣ ಉಳಿಸಿಕೊಳ್ಳಿ, ಮುಂದೆ ನೋಟರಿಗೆ ಬೇಕಾಗುತ್ತದೆ ಎಂದೆ.

ಕಾಗದಪತ್ರದ ಬಗ್ಗೆ ಕೊಟ್ಟ ಸಲಹೆ ಸ್ವಲ್ಪ ವಿವರವಾಗಿಯೇ ಇತ್ತು. ಲಿಂಗತ್ವವನ್ನು ಸ್ವತಃ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ತೃತೀಯಲಿಂಗಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಮತ್ತು 2020ರ ನಿಯಮಗಳು ಈ ಪ್ರಕರಣದ ಅವಧಿಯಲ್ಲಿ ಜಾರಿಯಲ್ಲಿದ್ದಂತೆ, ತೃತೀಯಲಿಂಗಿ ಎಂಬ ಗುರುತಿನ ಪ್ರಮಾಣಪತ್ರಕ್ಕೆ ಜಿಲ್ಲಾಧಿಕಾರಿಗೆ ರಾಷ್ಟ್ರೀಯ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದಿತ್ತು. ಸ್ವಯಂಘೋಷಣೆಯ ಅಫಿಡವಿಟ್ ಸಾಕಿತ್ತು, ವೈದ್ಯಕೀಯ ತಪಾಸಣೆ ಬೇಕಿರಲಿಲ್ಲ, 30 ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕಿತ್ತು. ಅದನ್ನು ಪಡೆದವರಿಗೆ ಜನನ ಪ್ರಮಾಣಪತ್ರದಲ್ಲಿಯೂ ಉಳಿದ ಗುರುತಿನ ದಾಖಲೆಗಳಲ್ಲಿಯೂ ಮೊದಲ ಹೆಸರನ್ನು ಬದಲಿಸಿಕೊಳ್ಳುವ ಹಕ್ಕನ್ನು ಕಾಯ್ದೆಯ 7ನೇ ಕಲಂ ಕೊಡುತ್ತಿತ್ತು. ಮೊದಲ ಹೆಸರು ಎಂಬುದನ್ನು ಇಲ್ಲಿ ಗಮನಿಸಬೇಕು. ಚೇತನಾ ಅಡ್ಡಹೆಸರನ್ನೂ, ಅಂದರೆ ಮನೆತನದ ಹೆಸರನ್ನೂ, ಕೈಬಿಡಲು ಬಯಸಿದ್ದರು. ಎರಡನ್ನೂ ಒಟ್ಟಿಗೆ ಮಾಡಹೋದರೆ ಆಕ್ಷೇಪಗಳು ಹೆಚ್ಚುತ್ತವೆ, ಸದ್ಯಕ್ಕೆ ಅದು ಹಾಗೆಯೇ ಇರಲಿ ಎಂದೆ.

ಇಂಗ್ಲಿಷ್ ಕಾಗುಣಿತದ ಮೇಲೆ ನಾನು ಒತ್ತು ಕೊಟ್ಟದ್ದು ಅವರಿಗೆ ಆರಂಭದಲ್ಲಿ ವಿಚಿತ್ರವಾಗಿ ಕಂಡಿತು. ಕನ್ನಡದಲ್ಲಿ ಚೇತನ ಗಂಡು, ಚೇತನಾ ಹೆಣ್ಣು ಎಂಬುದು ಒಂದು ದೀರ್ಘದಿಂದ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಬರೆಯುವ ಗುಮಾಸ್ತರು ಕೊನೆಯ ಅಕ್ಷರವನ್ನು ಒಂದು ಕಡೆ ಬಿಟ್ಟು, ಒಂದು ಕಡೆ ಸೇರಿಸಿ, ಮತ್ತೊಂದು ಕಡೆ ಎರಡು ಸಲ ಬರೆದರೆ ಮೂರು ದಾಖಲೆಗಳಲ್ಲಿ ಮೂವರು ಮನುಷ್ಯರಾಗುತ್ತಾರೆ. ಆದ್ದರಿಂದ ಅಫಿಡವಿಟ್‌ನಲ್ಲಿಯೇ ಎರಡೂ ಲಿಪಿಗಳಲ್ಲಿ ಹೆಸರನ್ನು ಬರೆಸಿ, ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲ ಕಡೆ ಅದನ್ನೇ ತೋರಿಸಬೇಕೆಂದು ತೀರ್ಮಾನಿಸಿದೆವು. ಹಳೆಯ ಹೆಸರಿಗೂ ಹೊಸ ಹೆಸರಿಗೂ ಕೊಂಡಿಯಾಗುವ ಕಾಗದಗಳ ಒಂದು ಕಟ್ಟು ಬೀರುವಿನಲ್ಲಿ ಭದ್ರವಾಗಿರಲಿ, ಆದರೆ ಕೇಳಿದವರಿಗೆಲ್ಲ ಅದನ್ನು ತೋರಿಸುವ ಹೊಣೆ ನಿಮ್ಮದಲ್ಲ ಎಂದೂ ಹೇಳಿದೆ. ‘ನಿಜವಾದ ಹೆಸರೇನು?’ ಎಂದು ಸಹೋದ್ಯೋಗಿಗಳು ಕೇಳಿದರೆ ‘ಇದೇ’ ಎಂಬ ಒಂದು ಮಾತಿಗಿಂತ ಹೆಚ್ಚಿನ ವಿವರಣೆ ಬೇಡ.

2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ತೃತೀಯಲಿಂಗಿಗಳಿಗೆ ಹಿಂದಿನ ಮತ್ತು ಬದಲಾದ ಹೆಸರು, ಲಿಂಗ ಎರಡನ್ನೂ ನಮೂದಿಸಿ ಜನನ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿತು. ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದವರಿಗೆ ಇದು ಉಪಕಾರವೇ. ಆದರೂ ಹಳೆಯ ಹೆಸರು ಅದೇ ಹಾಳೆಯಲ್ಲಿ ಕಾಣುತ್ತಿರುತ್ತದೆ ಎಂಬುದನ್ನು, ಅರ್ಜಿ ಹಾಕುವ ಮೊದಲೇ ಸಲಹಾರ್ಥಿಗೆ ತಿಳಿಸಿ ಮನಸ್ಸನ್ನು ಸಿದ್ಧಪಡಿಸುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ತಂಗಿಯ ಮದುವೆಯ ಲಗ್ನಪತ್ರಿಕೆಯಲ್ಲಿ ಚೇತನಾ ಎಂದು ಅಚ್ಚು ಹಾಕಿಸಲು ತಂದೆ ಒಪ್ಪಲಿಲ್ಲ, ಹಳೆಯ ಹೆಸರನ್ನು ಹಾಕಿಸಲು ಚೇತನಾ ಒಪ್ಪಲಿಲ್ಲ. ಕೊನೆಗೆ ಯಾವ ಹೆಸರೂ ಬರಲಿಲ್ಲ. ಮದುವೆಗೆ ಹೋಗಲೇ ಎಂದು ಅವರು ಕೇಳಿದಾಗ, ಪತ್ರಿಕೆ ಅಚ್ಚು ಹಾಕಿಸಿದವರು ತಂದೆ, ಕರೆದವಳು ತಂಗಿ; ಯಾರ ಕರೆಗೆ ಉತ್ತರ ಕೊಡುತ್ತಿದ್ದೀರಿ ಎಂದು ನೋಡಿಕೊಳ್ಳಿ ಎಂದೆ. ಅವರು ಹೋಗಿ ಎರಡು ದಿನ ಇದ್ದು ಬಂದರು. ತಂದೆಯೊಡನೆ ಮಾತುಕತೆ ಇನ್ನೂ ಹಳಿಗೆ ಬಂದಿಲ್ಲ.

ಕಚೇರಿಯ ಗುರುತಿನ ಚೀಟಿ, ಆಧಾರ್ ಮತ್ತು ಪ್ಯಾನ್ ಹೊಸ ಹೆಸರಿನಲ್ಲಿ ಬಂದಿವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಅರ್ಜಿ ಉಳಿದುಕೊಂಡಿತ್ತು. ನಿದ್ರೆಯ ತೊಂದರೆ ಬಹುಮಟ್ಟಿಗೆ ಕಡಿಮೆಯಾಗಿದ್ದರಿಂದ ಭೇಟಿಗಳನ್ನು ಮುಗಿಸೋಣ ಎಂದು ಅವರೇ ಹೇಳಿದರು. ಪಿಎಫ್ ಖಾತೆಯಲ್ಲಿಯೂ ಹಳೆಯ ಹೆಸರೇ ಇತ್ತು. ಆಧಾರ್‌ಗೂ ಅದಕ್ಕೂ ತಾಳೆಯಾಗದಿದ್ದರೆ ಮುಂದೆ ಹಣ ತೆಗೆಯುವಾಗ ತೊಡಕಾಗುತ್ತದೆ ಎಂದು ತಿಳಿಸಿ, ಕೊನೆಯ ಭೇಟಿಯಲ್ಲಿ ಆ ತಿದ್ದುಪಡಿಯ ಅರ್ಜಿಯನ್ನು ಇಬ್ಬರೂ ಕುಳಿತು ತುಂಬಿದೆವು.