ಸವುಳು ಭೂಮಿಯ ಬಿತ್ತನೆಗೆ ಹ್ಯೂಮಿಕ್ ಆಮ್ಲ

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ನಮ್ಮ ಗದ್ದೆಗೆ ಸವುಳು ಹತ್ತಿದೆ, ಅಂದರೆ ಮಣ್ಣಿನಲ್ಲಿ ಉಪ್ಪು ಹೆಚ್ಚಿದೆ. ನಾಟಿಗೆ ನೀರು ಸಾಲದ ಕಾರಣ ಭತ್ತವನ್ನು ಕೂರಿಗೆಯಿಂದ ನೇರವಾಗಿ ಬಿತ್ತುತ್ತೇವೆ. ಪೈರು ಅಲ್ಲಲ್ಲಿ ಮಾತ್ರ ನಿಲ್ಲುತ್ತದೆ. ಬೀಜವನ್ನು ಹ್ಯೂಮಿಕ್ ಆಮ್ಲದಲ್ಲಿ ನೆನೆಸಿ ಬಿತ್ತಿದರೆ ಪ್ರಯೋಜನವಿದೆಯೇ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ಪ್ರಯೋಜನವಾಗುವ ಸಾಧ್ಯತೆ ಇದೆ, ಆದರೆ ಅದು ಬೀಜಕ್ಕೆ ಆಗುವ ನೆರವೇ ಹೊರತು ಭೂಮಿಗೆ ಆಗುವ ಚಿಕಿತ್ಸೆಯಲ್ಲ. ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಾದಾಗ ಬೀಜಕ್ಕೆ ನೀರು ಹೀರುವುದು ಕಷ್ಟವಾಗುತ್ತದೆ. ಹೀರಿದ ನೀರಿನೊಂದಿಗೆ ಒಳಸೇರುವ ಸೋಡಿಯಂ ಎಳೆಯ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಕೊಳೆತ ಸಾವಯವ ವಸ್ತುವಿನಲ್ಲಿ, ಲಿಗ್ನೈಟ್ ಕಲ್ಲಿದ್ದಲಿನಲ್ಲಿ, ಎರೆಹುಳು ಗೊಬ್ಬರದಲ್ಲಿ ಇರುವ ಹ್ಯೂಮಿಕ್ ಪದಾರ್ಥಗಳು ಆಕ್ಸಿನ್ ಎಂಬ ಸಸ್ಯ ಚೋದಕವನ್ನು ಹೋಲುವ ಪರಿಣಾಮ ಬೀರಿ, ಬೇರಿನ ಕೋಶಪೊರೆಯಲ್ಲಿರುವ ಪ್ರೋಟಾನ್ ಪಂಪುಗಳನ್ನು (ಹೈಡ್ರೋಜನ್ ಅಯಾನುಗಳನ್ನು ಕೋಶದಿಂದ ಹೊರಹಾಕುವ ಪ್ರೋಟೀನುಗಳನ್ನು) ಚುರುಕುಗೊಳಿಸಿ, ಕವಲುಬೇರುಗಳು ಹೆಚ್ಚುವಂತೆ ಮಾಡುತ್ತವೆ. ಭತ್ತದ ಮಟ್ಟಿಗೆ ಇದೇ ಮುಖ್ಯ. ಏಕೆಂದರೆ ಭತ್ತವು ಮೊಳಕೆಯೊಡೆಯುವಾಗ ಲವಣವನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಎರಡು ಮೂರು ಎಲೆಯ ಹಂತದಲ್ಲಿ ಸೋಲುತ್ತದೆ. ಮೊಳಕೆಯೇ ಬಂದಿಲ್ಲವೆಂದು ತೋರುವ ಜಾಗದಲ್ಲಿ ಮಣ್ಣು ಕೆದಕಿ ನೋಡಿ, ಬಂದ ಮೊಳಕೆ ಸತ್ತಿರಬಹುದು.

ಕಡಿಮೆ ಪ್ರಮಾಣದಲ್ಲಿ ಬೇರನ್ನು ಬೆಳೆಸುವ ಈ ದ್ರಾವಣ, ಗಾಢವಾದರೆ ಬೆಳವಣಿಗೆಯನ್ನು ತಡೆಯುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಬೀಜೋಪಚಾರಕ್ಕೆಂದು ಬರೆದಿರುವ ಪ್ರಮಾಣವನ್ನು ಮೀರಬೇಡಿ. ಗಡಸು ನೀರಿನ ಸುಣ್ಣದಂಶವಾಗಲಿ ಆಮ್ಲವಾಗಲಿ ಸೇರಿದರೆ ಹ್ಯೂಮಿಕ್ ಆಮ್ಲ ಗಸಿಯಾಗಿ ತಳಕ್ಕಿಳಿಯುತ್ತದೆ. ನಿಮ್ಮ ಭಾಗದ ಕೊಳವೆಬಾವಿ ನೀರಿಗಿಂತ ಮಳೆನೀರು ಅಥವಾ ಕಾಲುವೆ ನೀರು ಒಳ್ಳೆಯದು. ಬೀಜವನ್ನು ರಾತ್ರಿಯಿಡೀ ನೆನೆಸಿ, ನೆರಳಿನಲ್ಲಿ ಮೊದಲಿನ ತೂಕಕ್ಕೆ ಬರುವಷ್ಟು ಒಣಗಿಸಿದರೆ ಕೂರಿಗೆಯಲ್ಲಿ ಸರಾಗವಾಗಿ ಇಳಿಯುತ್ತದೆ.

ಹಣ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು. ನಿಮ್ಮದೇ ಗದ್ದೆಯ ಮಣ್ಣು ತುಂಬಿದ ಮೂರು ತಟ್ಟೆಗಳಲ್ಲಿ ತಲಾ 100 ಬೀಜ ಬಿತ್ತಿ: ಒಂದರಲ್ಲಿ ಒಣಬೀಜ, ಇನ್ನೊಂದರಲ್ಲಿ ಬರಿಯ ನೀರಿನಲ್ಲಿ ನೆನೆಸಿ ಒಣಗಿಸಿದ್ದು, ಮತ್ತೊಂದರಲ್ಲಿ ಹ್ಯೂಮಿಕ್ ದ್ರಾವಣದಲ್ಲಿ ನೆನೆಸಿ ಒಣಗಿಸಿದ್ದು. ನೆನೆಸುವುದರಿಂದಲೇ ಮೊಳಕೆ ಬೇಗ ಬರುವುದರಿಂದ, ಎರಡನೆಯ ತಟ್ಟೆಯಿಲ್ಲದೆ ಹ್ಯೂಮಿಕ್ ಆಮ್ಲದ ಪಾಲೆಷ್ಟೆಂದು ತಿಳಿಯದು. ಮೂರು ಎಲೆ ಬರುವವರೆಗೂ ಕಾದು, ಬದುಕಿದ ಸಸಿಗಳನ್ನು ಎಣಿಸಿ ಬೇರಿನ ಉದ್ದ ಅಳೆಯಿರಿ.

ಜೊತೆಗೆ ಮಣ್ಣು ಪರೀಕ್ಷೆ ಮಾಡಿಸಿ. ಲವಣವೊಂದೇ ಹೆಚ್ಚಿದ್ದರೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ತೊಳೆಯಬೇಕು, ರಸಸಾರ (ಪಿಎಚ್) 8.5ನ್ನು ದಾಟಿ ಸೋಡಿಯಂ ಹೆಚ್ಚಿದ್ದರೆ ಅದಕ್ಕೂ ಮೊದಲು ಜಿಪ್ಸಂ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಭೂಮಿಯ ಬಗ್ಗೆಯೇ ಸಂಶೋಧನೆ ನಡೆಯುತ್ತಿರುವುದರಿಂದ, ಪರೀಕ್ಷೆಯ ಫಲಿತಾಂಶದೊಂದಿಗೆ ಅಲ್ಲಿ ವಿಚಾರಿಸಿ ಜಿಪ್ಸಂ ಪ್ರಮಾಣವನ್ನು ಗೊತ್ತುಮಾಡಿಕೊಳ್ಳಿ.